ಯಾರೂ ಬಿಡಿಸದ ಮಲ್ಲಿಗೆ

ನಾನು ಮಲ್ಲಿಗೆ ಮುಡಿಯುವುದಿಲ್ಲ. ಹಡಗಲಿಯ ಕಡೆ ಹುಟ್ಟಿದವಳು ಹೀಗೆಂದರೆ ಜನ ನಗುತ್ತಾರೆ. ಮದುವೆ ಮನೆಗಳಲ್ಲಿ ನನ್ನ ಓರಗೆಯವರು ಮಾಲೆ ಹಿಡಿದು ಬೆನ್ನು ಹತ್ತುತ್ತಾರೆ, "ಎಷ್ಟ್ ಸೊಕ್ಕವಾ ನಿಂದು, ನಮ್ಮೂರ ಹೂವ ನಿನಗ ಬ್ಯಾಡಾತೇನು?" ಎಂದು ಹಂಗಿಸುತ್ತಾರೆ. ನೆಗಡಿಯಾಗುತ್ತದೆ, ತಲೆ ನೋಯುತ್ತದೆ ಎಂದು ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಜವಾದ ಕಾರಣ ಮದುವೆ ಮನೆಯಲ್ಲಿ ಆಡುವ ಮಾತಲ್ಲ. ಮಲ್ಲಿಗೆಯ ವಾಸನೆಯ ಅಡಿಯಲ್ಲಿ ನನಗೆ ಇನ್ನೊಂದು ವಾಸನೆ ಬರುತ್ತದೆ. ಆಸ್ಪತ್ರೆಯ ಔಷಧಿ ನೀರಿನದು, ಕಣ್ಣು ಉರಿಸಿ ಗಂಟಲಿಗೆ ಇಳಿಯುವಂಥದು. ಎಷ್ಟು ವರ್ಷವಾದರೂ ಅದು ಹೋಗಿಲ್ಲ, ಇನ್ನು ಹೋಗುತ್ತದೆಂಬ ನಂಬಿಕೆಯೂ ನನಗಿಲ್ಲ. ಅದು ಎಲ್ಲಿಂದ ಬಂತು ಎಂದು ಹೇಳಬೇಕಾದರೆ ನಮ್ಮ ನಡುಮನೆಯಿಂದಲೇ ಶುರು ಮಾಡಬೇಕು.

ಹಿರೇಹಡಗಲಿಯ ಹಾದಿಯಲ್ಲಿ, ಊರ ಕೊನೆಗೆ ನಮ್ಮದು ಮಣ್ಣಿನ ಮಾಳಿಗೆ ಮನೆ. ಮುಂದೆ ಪಡಸಾಲೆ, ಅದನ್ನು ದಾಟಿದರೆ ನಡುಮನೆ, ಒಂದು ಮಗ್ಗುಲಿಗೆ ಅಡುಗೆ ಮನೆ, ಇನ್ನೊಂದು ಮಗ್ಗುಲಿಗೆ ಜೋಳದ ಚೀಲ ಒಟ್ಟುವ ಕತ್ತಲೆ ಕೋಣೆ. ಕಿಟಕಿಗಳಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲಿನ ಬಿಲ್ಲೆ ಬೆಳಿಗ್ಗೆ ಒಂದು ಗೋಡೆಯ ಮೇಲಿದ್ದರೆ ಮಧ್ಯಾಹ್ನ ನೆಲದ ನಡುವೆ, ಸಂಜೆ ಎದುರು ಗೋಡೆಯ ಮೇಲೆ. ನಮಗೆ ಗಡಿಯಾರ ಅದೇ. ಹಿತ್ತಲ ಬಾಗಿಲು ತೆರೆದರೆ ಮಲ್ಲಿಗೆ ತೋಟ, ಅದರ ಮೂಲೆಯಲ್ಲಿ ಒಂದು ಹಾಳು ಬಾವಿ. ನಸುಕಿನಲ್ಲಿ ಮನೆಯ ಹೆಂಗಸರೆಲ್ಲ ಮೊಗ್ಗು ಬಿಡಿಸುತ್ತಿದ್ದರು, ಅಪ್ಪ ಒದ್ದೆ ಬಟ್ಟೆ ಮುಚ್ಚಿದ ಪುಟ್ಟಿಯನ್ನು ಮೊದಲ ಬಸ್ಸಿಗೆ ಹಾಕಿಕೊಂಡು ದಾವಣಗೆರೆಗೆ ಹೋಗುತ್ತಿದ್ದ.

ನಮ್ಮಲ್ಲಿ ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಅಪ್ಪ ಪಡಸಾಲೆಯಲ್ಲಿ ಕೂತು ಎದೆ ಉಬ್ಬಿಸಿ ಹೇಳುತ್ತಿದ್ದ. ಕೊರಳಲ್ಲಿ ಲಿಂಗ ಇದ್ದವರಿಗೆ ಎಂಥ ಮುಟ್ಟು ಎನ್ನುತ್ತಿದ್ದ. ಮಾತು ಸುಳ್ಳಲ್ಲ. ಅವ್ವ ಆ ದಿನಗಳಲ್ಲೂ ರೊಟ್ಟಿ ಬಡಿಯುತ್ತಿದ್ದಳು, ಪೂಜೆ ಮಾಡುತ್ತಿದ್ದಳು. ಆದರೆ ತೋಟಕ್ಕೆ ಮಾತ್ರ ಕಾಲಿಡುವಂತಿರಲಿಲ್ಲ. ಹೊರಗಾದವಳು ಮುಟ್ಟಿದರೆ ಮಲ್ಲಿಗೆ ಗಿಡ ಬೇರು ಸಮೇತ ಒಣಗುತ್ತದೆ ಎಂಬುದು ಅಜ್ಜಿಯ ಕಾನೂನು. ದೇವರೇ ಒಪ್ಪಿಕೊಂಡದ್ದನ್ನು ಗಿಡ ಯಾಕೆ ಒಪ್ಪುವುದಿಲ್ಲ ಎಂದು ಕೇಳುವ ಗಂಡೆದೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸೊಂಟದಿಂದ ಕೆಳಗಿನ ಯಾವುದಕ್ಕೂ ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ. ನೋವಾದರೆ ಹೊಟ್ಟೆನೋವು, ಅದಕ್ಕಿಂತ ಹೆಚ್ಚಾದರೆ ನಿಶ್ಶಕ್ತಿ. ಅಲ್ಲಿಗೆ ಮುಗಿಯಿತು.

ಗಿರಿಜತ್ತೆ ಅಪ್ಪನ ಒಬ್ಬಳೇ ತಂಗಿ. ಹರಪನಹಳ್ಳಿ ಕಡೆಯ ಅರಸೀಕೆರೆಗೆ ಕೊಟ್ಟಿದ್ದರು. ಬಹಳ ಕಾಲ ಮಕ್ಕಳಾಗಿರಲಿಲ್ಲ. ನಾನಿನ್ನೂ ಸ್ಲೇಟು ಬಳಪ ಹಿಡಿದು ಶಾಲೆಗೆ ಹೋಗುತ್ತಿದ್ದಾಗ ಒಂದು ದಿನ ಅವಳ ಗಂಡ ಅವಳನ್ನೂ ಅವಳ ಟ್ರಂಕನ್ನೂ ತಂದು ಪಡಸಾಲೆಯಲ್ಲಿ ಇಳಿಸಿ, ಅವ್ವ ತಂದ ಚಹಾವನ್ನೂ ಕುಡಿಯದೆ ಹೊರಟುಹೋದ. ಅತ್ತೆ ಕಂಬ ಹಿಡಿದು ನಿಂತಿದ್ದಳು. ಸೆರಗಿನ ಕೆಳಗೆ ಹೊಟ್ಟೆ ಮುಂದೆ ಬಂದಿತ್ತು. ಕೂಸು ಬರುತ್ತದೆಂದು ನಾನು ಕುಣಿದೆ. ಅವ್ವನೂ ನಕ್ಕಳು. ಆದರೆ ಬಚ್ಚಲ ಹಿಂದೆ, ಹಳೆಯ ಸೀರೆಯ ಮರೆಯಲ್ಲಿ ಒಣಗುತ್ತಿದ್ದ ಬಟ್ಟೆಗಳ ಸಾಲು ಒಂದು ಬೆಳಿಗ್ಗೆ ಅಜ್ಜಿಯ ಕಣ್ಣಿಗೆ ಬಿತ್ತು. ಮುಂದಿನ ವಾರವೂ ಆ ಸಾಲು ಅಲ್ಲೇ ಇತ್ತು. ತಿಂಗಳು ಕಳೆದರೂ ಇತ್ತು. ಅಜ್ಜಿ ಅಡುಗೆ ಮನೆಗೆ ಬಂದು ಒಲೆಯ ಮುಂದೆ ಕುಕ್ಕರಿಸಿ, ಅವ್ವನಿಗೆ ಸಣ್ಣ ದನಿಯಲ್ಲಿ ಹೇಳಿದಳು.

"ಹೊಟ್ಟಿ ಬೆಳಿಯಾಕ ಹತ್ತೇತಿ, ರಗತಾನೂ ನಿಂತಿಲ್ಲ. ಮನಷ್ಯಾರ ಕೂಸು ಹಿಂಗ ಬೆಳಿತೈತೇನ ಗಂಗಿ? ಇದು ಗಾಳಿ ಬಸುರು."

ಅವ್ವನ ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ನಿಂತಿತು. ಅಜ್ಜಿಯ ಬಳಿ ಎಲ್ಲಕ್ಕೂ ಲೆಕ್ಕವಿತ್ತು. ತೋಟದ ಬಾವಿಯಲ್ಲಿ ಹಿಂದೆಂದೋ ಒಬ್ಬ ಬಸುರಿ ಬಿದ್ದು ಸತ್ತಿದ್ದಳಂತೆ. ಗಿರಿಜತ್ತೆ ಹುಡುಗಿಯಾಗಿದ್ದಾಗ ಹೊರಗಾದದ್ದನ್ನು ಮುಚ್ಚಿಟ್ಟು, ಆಡುತ್ತಾ ಆಡುತ್ತಾ ಆ ಬಾವಿಯ ಕಡೆಯ ಗಿಡದಲ್ಲಿ ಹೂ ಬಿಡಿಸಿದ್ದಳಂತೆ. ಆ ಗಿಡ ಒಣಗಿತು. ಬಾವಿಯಲ್ಲಿದ್ದದ್ದು ಅಂದೇ ಇವಳ ಹೊಟ್ಟೆ ನೋಡಿಟ್ಟುಕೊಂಡಿತು. ಹೀಗೆ ಎಲ್ಲ ತಪ್ಪೂ ಸುತ್ತಿ ಸುತ್ತಿ ಅತ್ತೆಯ ತಲೆಗೇ ಬಂತು. ಅತ್ತೆಗೂ ಅದು ನಿಜವೆಂದೇ ಅನ್ನಿಸಿತ್ತು. ಡಾಕ್ಟರ ಮುಂದೆ ಹೋಗಿ ಏನೆಂದು ಹೇಳುವುದು ಎಂದು ಅವಳೇ ಅಪ್ಪನನ್ನು ತಡೆದಳು. ಅಪ್ಪನಿಗೂ ಅಷ್ಟೇ ಬೇಕಾಗಿತ್ತು. ಹಡಗಲಿಗೆ ಹೋಗಿ ತಂಗಿಗೆ ನಿಶ್ಶಕ್ತಿ ಎಂದಷ್ಟೇ ಹೇಳಿ ಒಂದು ಕೆಂಪು ಟಾನಿಕ್ಕಿನ ಬಾಟಲಿ ತಂದು ಗೋಡೆಯ ಮಾಡದಲ್ಲಿಟ್ಟ. ಆಮೇಲೆ ಅವನ ಮಟ್ಟಿಗೆ ಆ ವಿಷಯ ಮುಗಿದಿತ್ತು.

ಅಜ್ಜಿಯ ಮಟ್ಟಿಗೆ ಆಗಷ್ಟೇ ಶುರುವಾಗಿತ್ತು. ಹೊಟ್ಟೆಯಲ್ಲಿರುವುದನ್ನು ಉಪವಾಸ ಕೆಡವಬೇಕು ಎಂದು ಅತ್ತೆಯ ಊಟ ಅರ್ಧ ಮಾಡಿದಳು. ಒಂದು ರೊಟ್ಟಿ, ಚೂರು ಚಟ್ನಿ, ನೀರು ಮಜ್ಜಿಗೆ. ಬೇಳೆಯಿಲ್ಲ, ಬೆಲ್ಲವಿಲ್ಲ. ನಾವೆಲ್ಲ ಉಣ್ಣುವಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅವ್ವ ಅಜ್ಜಿಯ ಕಣ್ಣು ತಪ್ಪಿಸಿ ಸೆರಗಿನಲ್ಲಿ ಬೆಲ್ಲದ ಉಂಡೆ, ಶೇಂಗಾ ಒಯ್ದು ಕೊಡುತ್ತಿದ್ದಳು. ಒಂದು ದಿನ ಸಿಕ್ಕಿಬಿದ್ದಳು.

"ನೀ ಅಕಿಗೆ ಕೊಟ್ಟಿ ಅಂತ ತಿಳದೀಯೇನು? ಒಳಗ ಕುಂತದ್ದು ತಿಂತೈತಿ ಅದನ್ನ. ಹಾವಿಗೆ ಹಾಲೆರೆಯಾಕಿ ನೀ!"

"ಯಾವುದರ ತಿನ್ನಲಿ ಬಿಡ್ರಿ. ತಿಂದ ಬಾಯಿ ಗಿರಿಜಾಂದ ಅಲ್ಲೇನು?"

ಅವ್ವ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಆ ದಿನವೆಲ್ಲ ಅವ್ವನ ಕೈಯ ನೀರು ಮುಟ್ಟಲಿಲ್ಲ.

ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ ಒಂದು ಪದ್ಧತಿಯಿದೆ. ಕೂಸನ್ನು ಹಾಕುವ ಮೊದಲು ಒರಳಿನ ಗುಂಡಕಲ್ಲಿಗೆ ಕುಲಾವಿ, ಅಂದರೆ ಕೂಸಿನ ಟೊಪ್ಪಿಗೆ, ತೊಡಿಸಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ಅಜ್ಜಿ ಅದನ್ನೇ ತಿರುವಿ ಹಾಕಿದಳು. ಕತ್ತಲೆ ಕೋಣೆಯಿಂದ ನನ್ನ ಹಳೆಯ ತೊಟ್ಟಿಲನ್ನು ತೆಗೆಸಿ, ನಡುಮನೆಯ ತೊಲೆಗೆ, ಅತ್ತೆ ಮಲಗುವ ಜಾಗದ ಮಗ್ಗುಲಿಗೇ ಕಟ್ಟಿಸಿದಳು. ಗುಂಡಕಲ್ಲನ್ನು ತೊಳೆದು ವಿಭೂತಿ ಹಚ್ಚಿ, ನನ್ನದೇ ಕೆಂಪು ಕುಲಾವಿ ತೊಡಿಸಿ ಅದರೊಳಗೆ ಮಲಗಿಸಿದಳು. ತನ್ನ ತೊಟ್ಟಿಲಲ್ಲಿ ಇನ್ನೊಂದು ಮಲಗಿದೆ ಎಂದು ಹೊಟ್ಟೆಯೊಳಗಿನದಕ್ಕೆ ಹೊಟ್ಟೆಕಿಚ್ಚಾಗಬೇಕು, ಜಗಳಕ್ಕೆಂದು ಹೊರಗೆ ಬರಬೇಕು. ಅದು ಲೆಕ್ಕ. ತೂಗಬೇಕಾದವಳು ಮನೆಯ ಕನ್ಯೆ. ಅಂದರೆ ನಾನು.

"ನೀಲಿ, ಮಟಮಟ ಮಧ್ಯಾಹ್ನದಾಗ ತೂಗಬೇಕು ನೋಡವ್ವ. ಬಿಸಿಲು ತೊಟ್ಟಿಲ ಮ್ಯಾಲಿಂದ ಆಕಡಿ ಹೋಗೂತನ ಬಿಡಬಾರದು. ಹಿಂದ ತಿರುಗಿ ನೋಡಬಾರದು."

ಬೇಸಿಗೆ ರಜೆ. ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿರುವ ಹೊತ್ತು. ಮಧ್ಯಾಹ್ನದ ಹೆದರಿಕೆಗೆ ಹೋಲಿಸಿದರೆ ಕತ್ತಲೆಯ ಹೆದರಿಕೆ ಏನೂ ಅಲ್ಲ ಎಂದು ನನಗೆ ಗೊತ್ತಾದದ್ದು ಆಗ. ಬೆಳಕಿಂಡಿಯಿಂದ ಬಿಸಿಲು ನೇರ ತೊಟ್ಟಿಲೊಳಗೆ ಬೀಳುತ್ತಿತ್ತು. ಕೆಂಪು ಕುಲಾವಿಯ ಕೆಳಗೆ ಮುಖವಿಲ್ಲದ ಕರಿ ಕಲ್ಲು ಹೊಳೆಯುತ್ತಿತ್ತು. ಹಗ್ಗ ತೊಲೆಗೆ ಉಜ್ಜಿ ಕಿರ್ ಎನ್ನುತ್ತಿತ್ತು. ತೊಟ್ಟಿಲು ಎಷ್ಟು ಭಾರವಿತ್ತೆಂದರೆ ಒಮ್ಮೆ ನೂಕಿದರೆ ಕೈ ಬಿಟ್ಟರೂ ತಾನೇ ಹೋಗಿ ತಾನೇ ಬರುತ್ತಿತ್ತು. ಆಗಲೇ ನನಗೆ ಆ ಸದ್ದು ಕೇಳಿದ್ದು. ನನ್ನ ಹಿಂದಿನಿಂದ, ನೆಲದ ಮಟ್ಟದಿಂದ. ಕಟುಂ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಟುಂ. ಏನೋ ಹಲ್ಲು ಕಡಿಯುತ್ತಿರುವ ಹಾಗೆ. ಹಗ್ಗ ನನ್ನ ಕೈಯಿಂದ ಜಾರಿತು. ತಿರುಗಿ ನೋಡಬಾರದೆಂದು ಅಜ್ಜಿ ಹೇಳಿದ್ದಳಲ್ಲ, ನೋಡಲಿಲ್ಲ. ದಿನಾ ಕೇಳುತ್ತಿತ್ತು. ದಿನಾ ತೂಗುತ್ತಿದ್ದೆ. ಊಟ ಸೇರದೆ ಒಣಗಿದೆ. ಜೊತೆಗೆ ನನ್ನ ಬಳಪಗಳು ಬೇರೆ ಕಾಣೆಯಾಗತೊಡಗಿದವು. ಪಾಟಿಯ ಚೀಲದಲ್ಲಿಟ್ಟದ್ದು ಬೆಳಗಾಗುವುದರಲ್ಲಿ ಇರುತ್ತಿರಲಿಲ್ಲ. ಗೋಡೆಯಲ್ಲೂ, ಅತ್ತೆಯ ತಲೆದಿಂಬಿನ ಮಟ್ಟದಲ್ಲಿ, ಒಂದು ಗುಳಿ ಕಾಣಿಸಿಕೊಂಡಿತ್ತು. ಮೊದಲು ಬೆರಳ ತುದಿಯಷ್ಟು, ಆಮೇಲೆ ಬಟ್ಟಲಿನಷ್ಟು. ಕೂಸೊಂದು ತಲೆಯಿಟ್ಟು ಮಲಗಿದ ಗುರುತಿನಂತೆ ಇತ್ತು. ಅಜ್ಜಿ ಅದನ್ನು ನೋಡಿ ಬಾಯಿ ಮುಚ್ಚಿಕೊಂಡು ವಿಭೂತಿ ಎರಚಿದಳು.

ಒಂದು ಮಧ್ಯಾಹ್ನ ನನಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಾಯಿತು. ಸತ್ತರೆ ಸತ್ತೆ ಎಂದು ತಿರುಗಿಬಿಟ್ಟೆ. ಅತ್ತೆ ಗೋಡೆಗೊರಗಿ ಕೂತಿದ್ದಳು. ಮುಖ ಸುಣ್ಣದ ಗೋಡೆಯಷ್ಟು ಬಿಳಿ, ತುಟಿಯೂ ಬಿಳಿ. ಬಾಯಲ್ಲಿ ನನ್ನ ಬಳಪ. ಕಟುಂ ಎಂದು ಕಡಿದಳು. ಬೆರಳ ತುದಿಯಲ್ಲಿ ಗೋಡೆಯ ಕೆಮ್ಮಣ್ಣು. ನನ್ನನ್ನು ನೋಡಿ ಕಳ್ಳರಂತೆ ನಕ್ಕಳು.

"ಏ ನೀಲಿ, ಯಾರ ಮುಂದೂ ಹೇಳಬ್ಯಾಡವಾ. ಬಾಯಿ ಬಾ ಬಾ ಅಂತೈತಿ. ಮಣ್ಣು ಹಸಿ ವಾಸನಿ ಬಂದ್ರ ಜೀವ ತಡಿಯಂಗಿಲ್ಲ. ನಿನ್ನ ಬಳಪ ಭಾಳ ರುಚಿ ಅದಾವ ಬಿಡು."

ನಾನು ಅಳಲು ಶುರು ಮಾಡಿದೆ. ಅವಳು ನನ್ನ ತಲೆ ಸವರಲು ಎದ್ದಳು. ಎದ್ದವಳು ಒಂದು ಹೆಜ್ಜೆ ಇಟ್ಟು, ತೊಟ್ಟಿಲ ಅಂಚು ಹಿಡಿದು, ಅದರ ಜೊತೆಗೇ ಒಮ್ಮೆ ತೂಗಿ ನೆಲಕ್ಕೆ ಬಿದ್ದಳು. ಗುಂಡಕಲ್ಲು ಉರುಳಿ ಅವಳ ಹೊಟ್ಟೆಯ ಮಗ್ಗುಲಲ್ಲಿ ನಿಂತಿತು. ಸೀರೆಯ ಕೆಳಗಿನಿಂದ ರಕ್ತ ನಿಧಾನಕ್ಕೆ ಹರಿದು ಬಂದು ಬಿಸಿಲಿನ ಬಿಲ್ಲೆಯೊಳಗೆ ಸೇರಿಕೊಂಡಿತು. ಅಜ್ಜಿ ಬಾಗಿಲಲ್ಲಿ ನಿಂತು ಕೈ ಮುಗಿದಳು. ಹೊರಗೆ ಬರುತ್ತಿದೆ, ಯಾರೂ ಮುಟ್ಟಬೇಡಿ ಎಂದಳು. ಅಡುಗೆ ಮನೆಯಿಂದ ಓಡಿ ಬಂದ ಅವ್ವ ಅಜ್ಜಿಯನ್ನು ದಾಟಿಕೊಂಡು ಹೋಗಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಪಡಸಾಲೆಯಲ್ಲಿ ಮಲಗಿದ್ದ ಅಪ್ಪನಿಗೆ ಕೇಳುವಂತೆ ಕೂಗಿದಳು.

"ನೀವು ಕರಕೊಂಡು ಹೋಗ್ತೀರೋ, ಇಲ್ಲಾ ನಾನ ಹೊತ್ತುಕೊಂಡು ಹೋಗ್ಲೋ? ಬೀದ್ಯಾಗ ಎಲ್ಲಾರ ಮುಂದ ಎಲ್ಲಿಂದ ರಗತ ಹೊಂಟೈತಿ ಅಂತ ಒದರಿಕೋಂತ ಹೊಕ್ಕೀನಿ ನೋಡ್ರಿ ಮತ್ತ!"

ಅಪ್ಪ ಎದ್ದದ್ದು ತಂಗಿಯ ಜೀವಕ್ಕೋ ಬೀದಿಯ ಮರ್ಯಾದೆಗೋ ನನಗೆ ಇವತ್ತಿಗೂ ಗೊತ್ತಿಲ್ಲ. ಎದ್ದನಂತೂ ಹೌದು. ಬಾಡಿಗೆ ಜೀಪಿನಲ್ಲಿ ದಾವಣಗೆರೆಗೆ ಒಯ್ದರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ನನ್ನನ್ನೂ ಹತ್ತಿಸಿಕೊಂಡರು. ಆಸ್ಪತ್ರೆಯ ಡಾಕ್ಟರಮ್ಮ ಅತ್ತೆಯ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಮಣ್ಣು ತಿನ್ನುತ್ತಾಳೆಯೇ ಎಂದು ತಾನಾಗಿ ಕೇಳಿದಾಗ ಅಜ್ಜಿ ಬೆಚ್ಚಿಬಿದ್ದಳು. ರಕ್ತ ಕಡಿಮೆಯಾದವರಿಗೆ ಹಾಗಾಗುತ್ತದೆ, ಮೈಯಲ್ಲಿ ರಕ್ತವೇ ಇಲ್ಲ, ಗರ್ಭಚೀಲದಲ್ಲಿ ದೊಡ್ಡ ಗಡ್ಡೆಯಿದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಳು. ನನ್ನ ಹಲ್ಲು ಕಡಿಯುವ ದೆವ್ವ ಅಷ್ಟೇ ಆಗಿತ್ತು. ರಕ್ತ ಏರಿಸಿದರು. ಕೆಲವು ದಿನ ಬಿಟ್ಟು ಆಪರೇಷನ್ ಮಾಡಿ ಗರ್ಭಚೀಲವನ್ನೇ ತೆಗೆದರು. ಡಾಕ್ಟರಮ್ಮ ಹೊರಗೆ ಬಂದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಅಜ್ಜಿ.

"ಗಂಡೋ ಹೆಣ್ಣೋ, ಯವ್ವಾ?"

ಡಾಕ್ಟರಮ್ಮ ಸುಸ್ತಾಗಿ ನಕ್ಕಳು. "ಗಂಡೂ ಅಲ್ಲ ಹೆಣ್ಣೂ ಅಲ್ಲ ಅಜ್ಜಿ, ಗಡ್ಡೆ." ಆಮೇಲೆ ನಗು ಬಿಟ್ಟು ಅಪ್ಪನ ಕಡೆ ತಿರುಗಿದಳು. ನರ್ಸು ಔಷಧಿ ನೀರು ತುಂಬಿದ, ಉಪ್ಪಿನಕಾಯಿ ಡಬ್ಬಿಯಷ್ಟು ದೊಡ್ಡ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅವನ ಕೈಗಿಟ್ಟಳು.

"ಇದನ್ನ ಹಿಂದಿನ ಬೀದಿಯ ಲ್ಯಾಬಿಗೆ ಕೊಟ್ಟು ಬನ್ನಿ. ಗಡ್ಡೆ ಒಳ್ಳೇದೋ ಕೆಟ್ಟದ್ದೋ ಅವರು ನೋಡಿ ಹೇಳಬೇಕು. ಕೆಟ್ಟದ್ದಾದ್ರೆ ಮುಂದೆ ಬೇರೆ ಔಷಧಿ ಕೊಡಬೇಕಾಗುತ್ತೆ. ಮರೀಬೇಡಿ, ನಿಮ್ಮ ತಂಗಿ ಜೀವದ ಪ್ರಶ್ನೆ."

ಅವ್ವ ಒಳಗೆ ಅತ್ತೆಯ ಬಳಿ ಇದ್ದಳು. ಅಪ್ಪ ಒಂದು ಕೈಯಲ್ಲಿ ನನ್ನನ್ನು, ಇನ್ನೊಂದು ಕೈಯಲ್ಲಿ ಟವೆಲು ಸುತ್ತಿದ ಡಬ್ಬಿಯನ್ನು ಹಿಡಿದು ನಡೆದ. ಡಬ್ಬಿಯನ್ನು ಮೈಗೆ ತಾಗದಂತೆ ದೂರ ಹಿಡಿದಿದ್ದ. ಲ್ಯಾಬಿನಲ್ಲಿ ಜನ ತುಂಬಿದ್ದರು. ಬೆಂಚಿನ ಮೇಲೆ ನಮ್ಮ ಕಡೆಯವರೇ ಒಬ್ಬಿಬ್ಬರು ಕೂತಿದ್ದರು, ಹೂವಿನ ವ್ಯಾಪಾರದಲ್ಲಿ ಅಪ್ಪನ ಮುಖ ಬಲ್ಲವರು. ಕೌಂಟರಿನ ಹಿಂದಿನ ಹುಡುಗ ತಲೆ ಎತ್ತದೆ ಕೇಳಿದ.

"ಏನ್ರೀ ಇದು? ಯಾರದು?"

ಅಪ್ಪ ಡಬ್ಬಿಗೆ ಸುತ್ತಿದ ಟವೆಲನ್ನು ಇನ್ನಷ್ಟು ಬಿಗಿ ಮಾಡಿದ.

"ಯಾವ ಭಾಗದ್ದು ಹೇಳ್ರೀ, ಬರ್ಕೋಬೇಕು. ಜೋರಾಗಿ ಹೇಳ್ರೀ, ಕೇಳಂಗಿಲ್ಲ."

ಅಪ್ಪನ ಕಿವಿ ಕೆಂಪಾಗಿದ್ದವು. ಬಾಯಿ ತೆರೆದ, ಮುಚ್ಚಿದ. ಸಂತೆಯಲ್ಲಿ ನಿಂತು ಗಂಟಲು ಹರಿಯುವಂತೆ ಮಲ್ಲಿಗೆ ಕೂಗಿ ಮಾರುವ ಮನುಷ್ಯ. ಆ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ. "ನಾಳಿ ಬರ್ತೀನ್ರಿ" ಎಂದು ಡಬ್ಬಿ ಎತ್ತಿಕೊಂಡು ಹೊರಗೆ ಬಂದುಬಿಟ್ಟ. ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ಅಜ್ಜಿ ಕೂತಿದ್ದಳು. ಡಾಕ್ಟರಮ್ಮನಿಗೂ ನರ್ಸುಗಳಿಗೂ ಎಂದು ತಂದಿದ್ದ ಮಲ್ಲಿಗೆ ಪುಟ್ಟಿ ಅವಳ ಮುಂದೆ ಇತ್ತು. ಅಪ್ಪ ಡಬ್ಬಿಯನ್ನು ಅದರ ಮಗ್ಗುಲಲ್ಲಿಟ್ಟು, ನಾಳೆ ಕೊಟ್ಟರಾಯಿತು ಎಂದು ಹೇಳಿ ಚಹಾ ಕುಡಿಯಲು ಹೋದ. ಅಜ್ಜಿ ಟವೆಲು ಸರಿಸಿ ಡಬ್ಬಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಪುಟ್ಟಿಯೊಳಗಿಟ್ಟು, ಮೇಲೆ ಮಲ್ಲಿಗೆ ಮಾಲೆ ಹರವಿ, ಒದ್ದೆ ಬಟ್ಟೆ ಮುಚ್ಚಿ ಎದ್ದಳು.

"ನಡಿ ನೀಲಿ, ಊರಿಗೆ ಹೋಗೂಣು."

ಹರಪನಹಳ್ಳಿ ದಾಟಿ ಹಡಗಲಿಗೆ ಬರುವ ತನಕ ಪುಟ್ಟಿ ಅಜ್ಜಿಯ ತೊಡೆಯ ಮೇಲಿತ್ತು. ಬಸ್ಸಿನ ಕಾವಿಗೆ ಮೊಗ್ಗೆಲ್ಲ ಅರಳಿದವು. ಅರಳಿದಷ್ಟೂ ಅದರಡಿಯ ವಾಸನೆ ಮೇಲಕ್ಕೆ ಬಂತು. ಮಗ್ಗುಲ ಸೀಟಿನ ಹೆಂಗಸೊಬ್ಬಳು ಮೂಗು ಅರಳಿಸಿ, "ಏನ್ ಘಮ್ಮಂತಾವ್ರೀ ಯಜಮಾನ್ತಿ! ಚೂರು ಕೊಡ್ರೆಲ್ಲ, ಮಗಳಿಗೆ ಮುಡಸ್ತೀನಿ" ಎಂದಳು. ಅಜ್ಜಿ ಡಬ್ಬಿಯ ಮೇಲಿನ ಮಾಲೆಯನ್ನೇ ಚೂರು ಹರಿದು ಕೊಟ್ಟಳು. ಆ ಹುಡುಗಿ ನನ್ನಷ್ಟೇ ಇದ್ದಳು. ಮುಡಿದುಕೊಂಡು ಸ್ವಲ್ಪ ಹೊತ್ತಿಗೆ ಕಣ್ಣು ಉಜ್ಜಿಕೊಳ್ಳತೊಡಗಿದಳು. ಬಸ್ಸು ಕುಲುಕಿದಂತೆಲ್ಲ ಅಜ್ಜಿ ಪುಟ್ಟಿಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಬಸ್ಸು ನಿಂತಾಗಲೂ ಅವಳ ತೊಡೆ ಆಡುತ್ತಲೇ ಇರುವುದನ್ನು ನಾನು ಕಂಡೆ. ಅಜ್ಜಿ ಅದನ್ನು ತೂಗುತ್ತಿದ್ದಳು.

ಮಾರನೆಯ ಮಧ್ಯಾಹ್ನ, ನೆರಳು ಕಾಲಡಿಗೆ ಬಂದ ಹೊತ್ತಿನಲ್ಲಿ, ಬಾವಿಯ ಕಡೆ ಅವಳೇ ಗುಂಡಿ ತೋಡಿದಳು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಮಾಡುವುದನ್ನೆಲ್ಲ ಮಾಡಿದಳು. ವಿಭೂತಿ, ಪತ್ರೆ, ಚೂರು ಬೆಲ್ಲ. ಡಬ್ಬಿಯ ಮುಚ್ಚಳ ತಿರುವುವಾಗ ನಾನು ಕಣ್ಣು ಮುಚ್ಚಿಕೊಂಡೆ. ವಾಸನೆ ಬಂತು. ಕಣ್ಣು ತೆರೆದಾಗ ಗುಂಡಿಯೊಳಗೆ ದೊಡ್ಡ ಗೆಣಸಿನಂಥದೇನೋ ಇತ್ತು. ಅಜ್ಜಿ ಅದಕ್ಕೆ ನನ್ನ ಕೆಂಪು ಕುಲಾವಿ ಹೊದಿಸಿದಳು. ಅಜ್ಜಿಯನ್ನು ನಾನು ಬಯ್ಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಇಲ್ಲಿಗೆ ಬಂದಾಗ ಬಾಯಿ ಕಟ್ಟುತ್ತದೆ. ಅವಳು ಅಳುತ್ತಿದ್ದಳು. ನಾಟಕವಲ್ಲ, ಮಗಳ ಹೊಟ್ಟೆಯದನ್ನು ಮಣ್ಣಿಗೆ ಕೊಡುವ ಅಳು.

"ಹೋಗಪ್ಪಾ, ಬಂದ ಹಾದಿ ಹಿಡಿ. ನಮ್ಮ ಗಿರಿಜೀನ ಬಿಟ್ಟುಬಿಡು. ನಿನಗ ನೆಳ್ಳಿಗೆ ಒಂದ ಗಿಡಾ ಹಚ್ತೀನಿ."

ಮಣ್ಣು ಮುಚ್ಚಿ ಮಲ್ಲಿಗೆಯ ಸಸಿ ನೆಟ್ಟಳು. ಯಾರಿಗೂ ಹೇಳಬಾರದೆಂದು ಲಿಂಗ ಮುಟ್ಟಿಸಿ ಆಣೆ ತೆಗೆದುಕೊಂಡಳು. ಅಪ್ಪ ಊರಿಗೆ ಬಂದಾಗ ಅವನನ್ನು ತೋಟಕ್ಕೆ ಕರೆದೊಯ್ದು ತೋರಿಸಿದಳು. ಅವನು ಕೂಗಾಡುತ್ತಾನೆಂದು ನಾನು ಹಿತ್ತಲ ಬಾಗಿಲ ಸಂದಿಯಲ್ಲಿ ಕಾದೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ತಲೆಯ ಮೇಲಿನ ಹೊರೆಯನ್ನು ಇನ್ನೊಬ್ಬರು ಇಳಿಸಿಕೊಂಡಾಗ ಇರುವ ಮುಖ ಅದು. ಇನ್ನು ಆ ಲ್ಯಾಬಿನ ಹುಡುಗನ ಮುಂದೆ ನಿಲ್ಲಬೇಕಾಗಿರಲಿಲ್ಲ.

ಗಿರಿಜತ್ತೆ ಮನೆಗೆ ಬಂದಳು. ಅರ್ಧ ರೊಟ್ಟಿಯ ಕಾಲ ಮುಗಿದಿತ್ತು. ಅವ್ವ ಬೇಳೆ, ಪುಂಡಿಪಲ್ಯ, ಬೆಲ್ಲ ಎಂದು ಬಡಿಸಿದ್ದೇ ಬಡಿಸಿದ್ದು. ತುಟಿಗೆ ಬಣ್ಣ ಬಂತು. ಮಣ್ಣಿನ ಆಸೆ ಬಿಟ್ಟುಹೋಯಿತು. "ನಿನ್ನ ಬಳಪದ ಸಾಲ ತೀರಸ್ತೀನಿ ತಡಿ" ಎಂದು ಪೊಟ್ಟಣಗಟ್ಟಲೆ ಬಳಪ ತರಿಸಿಕೊಟ್ಟಳು, ಆ ಹೊತ್ತಿಗೆ ನಾನು ಪೆನ್ನು ಹಿಡಿಯುವ ತರಗತಿಯಲ್ಲಿದ್ದೆ. ಪರೀಕ್ಷೆಯಲ್ಲಿ ಏನು ಬಂತು ಎಂದು ಅವಳು ಅಪ್ಪನನ್ನು ಕೇಳಿದಳು. ಅಪ್ಪ ಹೂವಿನ ಪುಟ್ಟಿಗೆ ಹಗ್ಗ ಬಿಗಿಯುತ್ತಾ ಹೇಳಿದ.

"ಎಲ್ಲಾ ಚೊಲೋ ಬಂದೈತಿ. ಏನೂ ಇಲ್ಲಂತ."

ಅವ್ವನೂ ನಂಬಿದಳು. ಬಾವಿಯ ಕಡೆಯ ಸಸಿ ಆಳುದ್ದ ಎದ್ದಿತು. ಇಡೀ ತೋಟದಲ್ಲಿ ಇಲ್ಲದಷ್ಟು ದಪ್ಪ ಮೊಗ್ಗು. ಅಜ್ಜಿ ದಿನಾ ಕೊಡಗಟ್ಟಲೆ ನೀರು ಸುರಿಯುತ್ತಿದ್ದಳು, ಬೆಳೆಯದೆ ಏನು ಮಾಡೀತು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸುತ್ತಿರಲಿಲ್ಲ. ಅದರ ಹೂ ಯಾರೂ ಬಿಡಿಸುವಂತಿರಲಿಲ್ಲ. ಅರಳಿ, ಕೆಂಪಗಾಗಿ, ಬುಡದಲ್ಲೇ ಉದುರುತ್ತಿದ್ದವು. ಸಂಜೆಯಾದರೆ ಅದರ ವಾಸನೆ ಹಿತ್ತಲ ಬಾಗಿಲು ಹೊಕ್ಕು ನಡುಮನೆಗೆ ಬಂದು ಅತ್ತೆಯ ಹಾಸಿಗೆಯ ಹತ್ತಿರ ನಿಲ್ಲುತ್ತಿತ್ತು. ಅವಳು ಕಣ್ಣು ಮುಚ್ಚಿ ಎಳೆದುಕೊಳ್ಳುತ್ತಿದ್ದಳು. "ಯಾವ ಗಿಡದ್ದವಾ ಇದು? ಹೆಸರ ಹಿಡದು ಕರದಂಗ ಬರ್ತೈತಿ" ಎನ್ನುತ್ತಿದ್ದಳು. ಅಜ್ಜಿ ಎದ್ದು ಹೋಗಿ ಬಾಗಿಲು ಹಾಕುತ್ತಿದ್ದಳು.

ಎರಡು ಬೇಸಿಗೆ ಕಳೆದಿರಬೇಕು. ಅತ್ತೆಗೆ ಬೆನ್ನುನೋವು ಶುರುವಾಯಿತು. ಒಂದು ಬೆಳಿಗ್ಗೆ ಬಚ್ಚಲಿನಿಂದ ಅವಳು ಅವ್ವನನ್ನು ಕೂಗಿದ ದನಿ ನನಗೆ ಇನ್ನೂ ಕೇಳುತ್ತದೆ. ಮತ್ತೆ ರಕ್ತ. ಅಜ್ಜಿ ಕುಸಿದು ಕೂತಳು.

"ಗರ್ಭಚೀಲಾನ ಇಲ್ಲ. ಮತ್ತ ಎಲ್ಲಿಂದ ಬಂತಿದು? ಯಾರದಿದು ರಗತ?"

ಆದರೆ ಅವ್ವ ಈ ಸಲ ಯಾರನ್ನೂ ಕೇಳಲಿಲ್ಲ, ಮೊದಲ ಬಸ್ಸಿಗೆ ಅತ್ತೆಯನ್ನು ಹತ್ತಿಸಿದಳು. ಅಪ್ಪ ಹಿಂದಿನಿಂದ ಓಡಿಬಂದು ಹತ್ತಿದ. ಅಲ್ಲಿ ನಡೆದದ್ದನ್ನು ಅವ್ವ ನನಗೆ ಆಮೇಲೆ ಹೇಳಿದಳು. ಆವತ್ತು ಲ್ಯಾಬಿನವರು ಏನೆಂದರು ಎಂದು ಡಾಕ್ಟರಮ್ಮ ಕೇಳಿದಳಂತೆ. ಅಪ್ಪ ನೆಲ ನೋಡಿದನಂತೆ. ಆಗಲೇ ತಿಳಿದಿದ್ದರೆ ಔಷಧಿ ಕೊಟ್ಟು ನೋಡಬಹುದಿತ್ತು, ಈಗ ಎಲ್ಲ ಕಡೆ ಹರಡಿದೆ ಎಂದಳಂತೆ. ಅತ್ತೆ ಅಣ್ಣನ ಮುಖವನ್ನೇ ನೋಡುತ್ತಿದ್ದಳಂತೆ.

ಊರಿಗೆ ಬಂದ ಮರುದಿನ ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಅವಳು ನನ್ನನ್ನು ಕರೆದಳು.

"ನೀಲಿ, ಆವತ್ತು ನೀ ಅಜ್ಜಿ ಜೋಡಿ ಬಂದಿದ್ದಿ. ನಂದು ಎಲ್ಲೈತಿ?"

ಲಿಂಗದ ಆಣೆ ನನ್ನ ನಾಲಿಗೆಯ ಮೇಲಿತ್ತು. ಮಾತಾಡಲಿಲ್ಲ, ಕೈ ಹಿಡಿದು ಕರೆದೊಯ್ದೆ. ತೋಟದಲ್ಲಿ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಅತ್ತೆ ಗಿಡದ ಮುಂದೆ ನಿಂತಳು, ಬುಡದಲ್ಲಿ ಕೂತಳು, ಮಣ್ಣಿನ ಮೇಲೆ ಅಂಗೈ ಊರಿದಳು. ಬಿಸಿ ಮಣ್ಣು. ಹಿತ್ತಲ ಬಾಗಿಲಲ್ಲಿ ಅಜ್ಜಿ ಬಂದು ನಿಂತದ್ದನ್ನು ನಾನು ಕಂಡೆ. ಅತ್ತೆಯೂ ಕಂಡಳು. ಕಂಡೂ ಕೈ ಎತ್ತಿ ಒಂದು ಮೊಗ್ಗು ಬಿಡಿಸಿದಳು. ಇನ್ನೊಂದು. ಮತ್ತೊಂದು. ರಕ್ತ ಹೋಗುತ್ತಿದ್ದ ಹೆಂಗಸು, ಆ ಗಿಡದ ಹೂವನ್ನು, ಹಾಡು ಹಗಲಲ್ಲಿ. ಮಡಿಲು ತುಂಬಿದ ಮೇಲೆ ಅಲ್ಲಿಂದಲೇ ಅಜ್ಜಿಗೆ ಹೇಳಿದಳು. ಕೂಗಲಿಲ್ಲ.

"ದೆವ್ವ ಅಂದ್ರಿ, ಹೌದಂದೆ. ಅರ್ಧಾ ರೊಟ್ಟಿ ಕೊಟ್ರಿ, ತಿಂದೆ. ಇದು ನನ್ನ ಹೊಟ್ಯಾಗಿಂದಬೇ ಯವ್ವಾ. ಹುಗಿಯಾಕ ಮೊದಲು ಒಂದ ಮಾತು ನನ್ನ ಕೇಳಬೇಕಿತ್ತಿಲ್ಲೋ?"

ಅಜ್ಜಿ ಬಾಗಿಲು ಹಿಡಿದುಕೊಂಡೇ ಇದ್ದಳು. ಅತ್ತೆ ಆ ಹೂವನ್ನು ತಾನೇ ಕಟ್ಟಿ ತಾನೇ ಮುಡಿದಳು. ಮುಂದಿನ ಬೇಸಿಗೆಯನ್ನು ಅವಳು ಕಾಣಲಿಲ್ಲ. ಅಪ್ಪ ಆಮೇಲೆ ಸಂತೆಯಲ್ಲಿ ಹೂ ಕೂಗುವುದನ್ನು ಬಿಟ್ಟ, ಪುಟ್ಟಿಯ ಹಿಂದೆ ಸುಮ್ಮನೆ ಕೂರುತ್ತಿದ್ದ. ಅಜ್ಜಿ ಎದ್ದ ಕೂಡಲೇ ತೋಟಕ್ಕೆ ಹೋಗಿ ಆ ಗಿಡದ ಎಲೆ ಮುಟ್ಟಿ ನೋಡುತ್ತಿದ್ದಳು, ಒಣಗಿತೇ ಎಂದು. ಒಣಗಲಿಲ್ಲ. ಚಳಿಗಾಲ ದಾಟಿತು, ಬೇಸಿಗೆಗೆ ಮತ್ತೆ ಹೂಬಿಟ್ಟಿತು. ನಾನು ದೊಡ್ಡವಳಾದ ದಿನ ಅಜ್ಜಿ ನನ್ನನ್ನು ಕರೆದು, "ತ್ವಾಟಕ್ಕ ಹೋಗವ್ವ. ಏನೂ ಆಗಂಗಿಲ್ಲ ಅದಕ್ಕ" ಎಂದಳು. ನಾನು ಹೋಗಲಿಲ್ಲ. ನಡುಮನೆಯ ಗೋಡೆಯ ಗುಳಿಗೆ ಅವ್ವ ಎಷ್ಟು ಸಲ ಮಣ್ಣು ಮೆತ್ತಿದರೂ ಒಣಗಿ ಬಿದ್ದುಹೋಗುತ್ತಿತ್ತು. ಕೊನೆಗೆ ಹಾಗೇ ಬಿಟ್ಟಳು.

ಕಳೆದ ಬೇಸಿಗೆಯಲ್ಲಿ ನನಗೂ ರಕ್ತ ನಿಲ್ಲಲಿಲ್ಲ. ನಾನು ಗಾಳಿಗೀಳಿ ಎನ್ನುವವಳಲ್ಲ, ನೆಟ್ಟಗೆ ಹೊಸಪೇಟೆಯ ಡಾಕ್ಟರ ಹತ್ತಿರ ಹೋದೆ. ಒಳಗಿನಿಂದ ಚೂರು ತೆಗೆದು, ಬೆರಳುದ್ದದ ಪುಟ್ಟ ಡಬ್ಬಿಯಲ್ಲಿ ಹಾಕಿ, ಲ್ಯಾಬಿಗೆ ಕೊಟ್ಟು ಬನ್ನಿ ಎಂದರು. ಅವ್ವ ಜೊತೆಗಿದ್ದಳು. ಈಗ ಅವಳಿಗೆ ಮಂಡಿನೋವು, ಗೋಡೆ ಹಿಡಿದು ನಡೆಯುತ್ತಾಳೆ. ಆಟೋದಲ್ಲಿ ಡಬ್ಬಿಯನ್ನು ನಾನು ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡಿದ್ದೆ. ಆ ವಾಸನೆ ಬಂತು. ಮಲ್ಲಿಗೆ ಎಲ್ಲೂ ಇರಲಿಲ್ಲ, ಆದರೂ ಮಲ್ಲಿಗೆಯೂ ಬಂತು. ಲ್ಯಾಬಿನಲ್ಲಿ ಜನ ತುಂಬಿದ್ದರು. ಕೌಂಟರಿನ ಹುಡುಗ ತಲೆ ಎತ್ತದೆ ಕೇಳಿದ.

"ಏನಿದು? ಯಾವ ಭಾಗದ್ದು?"

"ಗರ್ಭಚೀಲದ್ದು" ಎಂದೆ. ಬೇಕೆಂದೇ ಜೋರಾಗಿ ಹೇಳಿದೆ. ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ನೋಡಲಿ.

"ಹೆಸರು?"

"ಗಿರಿಜಾ."

ಅದು ನನ್ನ ಬಾಯಿಂದಲೇ ಬಂತು, ನನ್ನ ದನಿಯೇ. ಹುಡುಗ ಬರೆದುಕೊಳ್ಳತೊಡಗಿದ. ತಿದ್ದಲು ನನಗೆ ನಾಲಿಗೆ ಏಳಲಿಲ್ಲ. ಅವ್ವ ನನ್ನ ಮೊಣಕೈ ಹಿಡಿದು ಮುಂದೆ ಬಂದು ಕೌಂಟರಿಗೆ ಒರಗಿದಳು.

"ಅಲ್ಲಪ್ಪಾ, ಇಕಿ ಹೆಸರು ನೀಲಮ್ಮ. ಗಿರಿಜಾ ಅಂದ್ರ ಇಕಿ ಸೋದರತ್ತಿ. ಅಕಿದು ಕೊಡೋದು ಉಳದಿತ್ತು."